ಬುರುಂಡಿ: ಯುದ್ಧ ನಿಂತು 20 ವರ್ಷ ಆಯ್ತು, ಬಡತನ ಯಾಕೆ ಹೋಗ್ತಿಲ್ಲ? ಚರ್ಚ್ ಯಾರ ಕಡೆ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಪೂರ್ವ ಆಫ್ರಿಕಾದ ಬಗ್ಗೆ ಸುಮ್ನೆ ಓದೋಣ ಅಂತ ಶುರು ಮಾಡಿದೆ, ಬುರುಂಡಿಗೆ ಬಂದು ನಿಂತುಬಿಟ್ಟಿದ್ದೇನೆ. ರುವಾಂಡಾ ಬಗ್ಗೆ ಬೇಕಾದಷ್ಟು ಸಿಗುತ್ತದೆ. ಪಕ್ಕದಲ್ಲೇ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿರುವ, ಅದೇ ಬಹುಸಂಖ್ಯಾತ ಹುಟು, ಅಲ್ಪಸಂಖ್ಯಾತ ಟುಟ್ಸಿ ಮತ್ತು ಟ್ವಾ ಜನಾಂಗಗಳು ಇರುವ ಈ ದೇಶದ ಬಗ್ಗೆ ಮಾತ್ರ ಅಲ್ಲೊಂದು ಇಲ್ಲೊಂದು ಸುದ್ದಿ.

ನನಗೆ ಅರ್ಥ ಆಗದೇ ಇರೋದು ಇದು. ಅಂತರ್ಯುದ್ಧ 2005ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯಿತು. ಮಳೆ ಬರುತ್ತದೆ, ಹಸಿರು ಬೆಟ್ಟಗಳಿವೆ, ಒಳ್ಳೆ ಕಾಫಿ ಬೆಳೆಯುತ್ತದೆ, ಪಶ್ಚಿಮಕ್ಕೆ ಟ್ಯಾಂಗನೀಕಾದಂಥ ದೊಡ್ಡ ಸರೋವರ ಇದೆ. ಆದರೂ ವಿಶ್ವಬ್ಯಾಂಕ್ ಪಟ್ಟಿಯಲ್ಲಿ ತಲಾ ಆದಾಯ ವರ್ಷಕ್ಕೆ 200 ಡಾಲರ್ ಆಸುಪಾಸು, ಅಂದರೆ ಪಟ್ಟಿಯ ತಳದಲ್ಲಿ. ಪೆಟ್ರೋಲ್ ಬಂಕ್ ಮುಂದೆ ದಿನಗಟ್ಟಲೆ ಕ್ಯೂ. ಸಕ್ಕರೆ ಇಲ್ಲ.

ಇನ್ನೊಂದು ಕಡೆ ಅಧ್ಯಕ್ಷರು, ಮಂತ್ರಿಗಳು ದಿನಗಟ್ಟಲೆ ಪ್ರಾರ್ಥನಾ ಸಭೆ ಮಾಡ್ತಾರೆ, ದೇಶವನ್ನು ದೇವರೇ ನಡೆಸುತ್ತಿದ್ದಾನೆ ಅಂತಾರೆ. ಅದೇ ಸಮಯದಲ್ಲಿ ಕ್ಯಾಥೋಲಿಕ್ ಬಿಷಪ್‌ಗಳು ಸರ್ಕಾರವನ್ನು ಟೀಕಿಸಿದ ಸುದ್ದಿಯೂ ಇದೆ. ಹಾಗಾದರೆ ಧರ್ಮ ಅಲ್ಲಿ ಅಧಿಕಾರದ ಕೈಗೊಂಬೆಯಾ, ಎದುರಾಳಿಯಾ? ಎಲ್ಲಕ್ಕೂ "ಹುಟು-ಟುಟ್ಸಿ ಜಗಳ" ಅನ್ನೋ ಉತ್ತರ ನನಗೆ ಸಾಕಾಗ್ತಿಲ್ಲ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಲೆಕ್ಕದಪುಸ್ತಕ:

ಧರ್ಮದ ವಿಷಯ ಬೇರೆಯವರು ಹೇಳಲಿ, ನಾನು ದುಡ್ಡಿನ ಕಡೆಯಿಂದ ಬರ್ತೀನಿ. ಬುರುಂಡಿಯ ಈಗಿನ ಸಂಕಟ ಅರ್ಥ ಆಗಬೇಕಾದರೆ ಒಂದೇ ಒಂದು ವಿಷಯ ಹಿಡಿದುಕೊಳ್ಳಿ: ಅಲ್ಲಿ ಡಾಲರ್‌ಗೆ ಎರಡು ಬೆಲೆ.

ಸರ್ಕಾರದ ದರದಲ್ಲಿ ಒಂದು ಡಾಲರ್‌ಗೆ ಸುಮಾರು 2,900 ಬುರುಂಡಿ ಫ್ರಾಂಕ್. ಬೀದಿಯಲ್ಲಿ, ಅಂದರೆ ಕಾಳಸಂತೆಯಲ್ಲಿ, 2025ರ ಹೊತ್ತಿಗೆ ಅದು 7,000 ದಾಟಿತ್ತು. ಈಗ ಯೋಚನೆ ಮಾಡಿ. ಕೇಂದ್ರ ಬ್ಯಾಂಕಿನಿಂದ ಅಧಿಕೃತ ದರದಲ್ಲಿ ಡಾಲರ್ ಪಡೆಯುವ ಅನುಮತಿ ನಿಮಗಿದ್ದರೆ ನೀವು ಪೆಟ್ರೋಲ್ ತರಿಸುವುದೇ ಬೇಡ, ಗೊಬ್ಬರ ತರಿಸುವುದೂ ಬೇಡ. ಡಾಲರನ್ನು ಹಾಗೇ ಬೀದಿಗೆ ದಾಟಿಸಿದರೆ ದುಡ್ಡು ಎರಡರಷ್ಟಕ್ಕಿಂತ ಜಾಸ್ತಿ ಆಗುತ್ತದೆ. ಹಾಗಾದರೆ ಆ ಅನುಮತಿ ಯಾರಿಗೆ ಸಿಗುತ್ತದೆ? ಅಧಿಕಾರಕ್ಕೆ ಹತ್ತಿರ ಇರುವವರಿಗೆ. ಇದಕ್ಕೆ ದೊಡ್ಡ ಅರ್ಥಶಾಸ್ತ್ರ ಬೇಕಾಗಿಲ್ಲ.

ಈಗ ಇನ್ನೊಂದು ತುದಿಯಿಂದ ನೋಡಿ. ಕಾಫಿ ರಫ್ತು ಮಾಡಿದಾಗ ಬರುವ ಡಾಲರ್ ಬ್ಯಾಂಕಿಗೆ ಬಂದು ಅಧಿಕೃತ ದರದಲ್ಲೇ ಫ್ರಾಂಕ್ ಆಗಬೇಕು. ಬೆಟ್ಟದ ಮೇಲೆ ಅರ್ಧ ಹೆಕ್ಟೇರ್ ಜಾಗದಲ್ಲಿ ಕಾಫಿ, ಬಾಳೆ, ಬೀನ್ಸ್ ಎಲ್ಲ ಸೇರಿಸಿ ಬೆಳೆಯುವ ರೈತನಿಗೆ ಸಿಗುವುದು ಈ ಕಡಿಮೆ ದರದ ಲೆಕ್ಕದಲ್ಲಿ ನಿಗದಿಯಾದ ಬೆಲೆ, ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ. ಗಡಿಯಾಚೆ ರುವಾಂಡಾದಲ್ಲಿ ಅದೇ ಹಣ್ಣಿಗೆ ಜಾಸ್ತಿ ಕೊಡುತ್ತಾರೆ. ಮತ್ತೇನಾಗುತ್ತದೆ? ರಾತ್ರಿ ಹೊತ್ತು ಚೀಲಗಳು ಗಡಿ ದಾಟುತ್ತವೆ. ಚಿನ್ನದ ಕತೆಯೂ ಅಷ್ಟೇ. ಕಾನೂನು ಪ್ರಕಾರ ಮಾರಿದವನಿಗೆ ನಷ್ಟ, ಕದ್ದು ಸಾಗಿಸಿದವನಿಗೆ ಲಾಭ ಅಂತಾದರೆ ಬ್ಯಾಂಕಿಗೆ ಡಾಲರ್ ಎಲ್ಲಿಂದ ಬರಬೇಕು? ಹೊರಗಿನ ನೆರವಿನ ಹಣಕ್ಕೂ ಇದೇ ಪಾಡು. ಬ್ಯಾಂಕ್ ಮೂಲಕ ಬಂದರೆ ಅರ್ಧಕ್ಕಿಂತ ಜಾಸ್ತಿ ಬೆಲೆ ದಾರಿಯಲ್ಲೇ ಕರಗುತ್ತದೆ.

ಡಾಲರ್ ಇಲ್ಲ ಅಂದಮೇಲೆ ಪೆಟ್ರೋಲ್ ಇಲ್ಲ. ಪೆಟ್ರೋಲ್ ಇಲ್ಲ ಅಂದಮೇಲೆ ಊರಿಂದ ಊರಿಗೆ ಆಹಾರ ಹೋಗಲ್ಲ, ಬಸ್ ಓಡಲ್ಲ, ಬೆಲೆ ಏರುತ್ತದೆ. ದೇಶದ ದೊಡ್ಡ ನಗರ ಬುಜುಂಬುರಾದ ಜನ ಗಡಿಯಾಚೆ ಕಾಂಗೋದ ಉವಿರಾಗೆ ಹೋಗಿ ಕ್ಯಾನ್‌ನಲ್ಲಿ ಪೆಟ್ರೋಲ್ ತರುತ್ತಿದ್ದರು. ಕಾಂಗೋದ ಪೂರ್ವ ಭಾಗದಿಂದ, ಅದೂ ಯುದ್ಧ ನಡೆಯುವ ಜಾಗದಿಂದ, ಇಲ್ಲಿಗೆ ಪೆಟ್ರೋಲ್ ಬರುತ್ತಿತ್ತು ಅಂದರೆ ಲೆಕ್ಕ ಹಾಕಿ!

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ, ಮಾಡಿದ್ದೇ ವಿಚಿತ್ರ. 2020ರಲ್ಲಿ ಖಾಸಗಿ ವಿನಿಮಯ ಅಂಗಡಿಗಳನ್ನು ಮುಚ್ಚಿಸಿತು, ಕಾಳಸಂತೆ ಇನ್ನೂ ಬೆಳೆಯಿತು. 2023ರ ಮೇ ತಿಂಗಳಲ್ಲಿ ಫ್ರಾಂಕ್ ಬೆಲೆಯನ್ನು ಒಂದೇ ಏಟಿಗೆ ಇಳಿಸಿತು. ಜೂನ್‌ನಲ್ಲಿ 5,000 ಮತ್ತು 10,000 ಫ್ರಾಂಕ್‌ನ ಹಳೇ ನೋಟು ವಾಪಸ್ ತೆಗೆದುಕೊಂಡು, ಬ್ಯಾಂಕಿಗೆ ಕಟ್ಟೋದಕ್ಕೆ ಹತ್ತು ದಿನ ಕೊಟ್ಟಿತು. ಹೆಚ್ಚಿನ ಜನರಿಗೆ ಬ್ಯಾಂಕ್ ಖಾತೆಯೇ ಇಲ್ಲದ ದೇಶದಲ್ಲಿ! ಜುಲೈನಲ್ಲಿ ಐಎಂಎಫ್ ಸುಮಾರು 27 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಆದರೆ ದರಗಳ ಅಂತರ ಮುಚ್ಚುವ ಮಾತು ಅಲ್ಲಿಗೇ ನಿಂತಿತು, ಆ ಕಾರ್ಯಕ್ರಮವೂ ಸರಿಯಾಗಿ ಮುಂದೆ ಹೋಗಲಿಲ್ಲ. ಯಾಕೆ ಅಂತ ಕೇಳಿದರೆ ನನ್ನ ಉತ್ತರ ಮೇಲೆಯೇ ಇದೆ. ಆ ಅಂತರದಿಂದ ಬದುಕುವವರೇ ಅದನ್ನು ಮುಚ್ಚಬೇಕಾದವರು.

ಸೈನಿಕರ ವಿಷಯ ಒಂದು ಹೇಳಿಬಿಡ್ತೀನಿ, ಇದನ್ನು ಜನ ಮರೀತಾರೆ. 2007ರಿಂದ ಬುರುಂಡಿ ಸೊಮಾಲಿಯಾಗೆ ಆಫ್ರಿಕನ್ ಒಕ್ಕೂಟದ ಪರವಾಗಿ ಸಾವಿರಾರು ಸೈನಿಕರನ್ನು ಕಳಿಸುತ್ತಿತ್ತು. ಅವರ ಸಂಬಳ ಡಾಲರ್‌ನಲ್ಲಿ ಬರುತ್ತಿತ್ತು, ಸರ್ಕಾರ ಒಂದು ಪಾಲು ಹಿಡಿದುಕೊಳ್ಳುತ್ತಿತ್ತು. 2016ರಲ್ಲಿ ಯುರೋಪಿಯನ್ ಒಕ್ಕೂಟ ಈ ದುಡ್ಡು ಸರ್ಕಾರದ ಕೈಗೆ ಹೋಗಬಾರದು ಅಂತ ತಕರಾರು ತೆಗೆದು ದೊಡ್ಡ ಜಟಾಪಟಿ ಆಯಿತು. 2024ರ ಕೊನೆಗೆ ಆ ಸೈನಿಕರ ಕೆಲಸವೇ ಮುಗಿಯಿತು. ಡಾಲರ್ ಬರುವ ಇನ್ನೊಂದು ನಲ್ಲಿ ಬಂದ್.

ಸಂಜೆಮಲ್ಲಿಗೆ:

ದಾರಿಹೋಕ ಅವರೇ, ಚರ್ಚ್ ಕೈಗೊಂಬೆಯಾ ಎದುರಾಳಿಯಾ ಅಂತ ಕೇಳಿದ್ದೀರಿ. ಬುರುಂಡಿಯಲ್ಲಿ "ಚರ್ಚ್" ಅಂತ ಒಂದೇ ಇಲ್ಲ, ಅಲ್ಲಿಂದ ಶುರು ಮಾಡಬೇಕು. ಹತ್ತರಲ್ಲಿ ಆರು ಜನ ಕ್ಯಾಥೋಲಿಕ್. ಉಳಿದವರಲ್ಲಿ ಬಹುಪಾಲು ಪ್ರಾಟೆಸ್ಟೆಂಟ್, ಅದರಲ್ಲೂ ಪೆಂಟೆಕೋಸ್ಟಲ್ ಗುಂಪುಗಳು ಈಚೆಗೆ ಜೋರಾಗಿ ಬೆಳೆದಿವೆ. ಮುಸ್ಲಿಮರು ಕಡಿಮೆ, ಹೆಚ್ಚಾಗಿ ಪಟ್ಟಣಗಳಲ್ಲಿ ಇದ್ದಾರೆ.

ಹುಟುಗಳೂ ಟುಟ್ಸಿಗಳೂ ಒಂದೇ ಕಿರುಂಡಿ ಭಾಷೆ ಆಡುತ್ತಾರೆ, ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕ ಬದುಕುತ್ತಾರೆ, ಒಂದೇ ಚರ್ಚಿಗೆ ಹೋಗುತ್ತಾರೆ. ಹಾಗಾಗಿ ಅಲ್ಲಿ ನಡೆದ ಕೊಲೆಗಳು ಯಾವತ್ತೂ ಧರ್ಮಯುದ್ಧ ಆಗಿರಲಿಲ್ಲ. ಒಬ್ಬರನ್ನೊಬ್ಬರು ಕೊಂದವರಲ್ಲಿ ಬಹಳ ಜನ ಒಂದೇ ಬೆಂಚಿನ ಮೇಲೆ ಕೂತು ಪೂಜೆ ಕೇಳಿದವರು.

ಬೆಲ್ಜಿಯಂನವರ ಕಾಲದಲ್ಲಿ ಮಿಷನರಿಗಳ ಶಾಲೆಗಳೇ ಆಡಳಿತಕ್ಕೆ ಗುಮಾಸ್ತರನ್ನು ತಯಾರು ಮಾಡಿದವು, ಅಲ್ಲಿ ಟುಟ್ಸಿ ಮತ್ತು ರಾಜಮನೆತನದ ಮಕ್ಕಳಿಗೆ ಆದ್ಯತೆ. 1962ರ ಜುಲೈ 1ಕ್ಕೆ ಸ್ವಾತಂತ್ರ್ಯ. ಅದಕ್ಕೆ ಕೆಲವೇ ತಿಂಗಳು ಮೊದಲು, 1961ರ ಅಕ್ಟೋಬರ್‌ನಲ್ಲಿ, ಎರಡೂ ಕಡೆಯವರು ಒಪ್ಪಿದ್ದ ನಾಯಕ ರಾಜಕುಮಾರ ಲೂಯಿ ರ್ವಾಗಸೋರೆಯನ್ನು ಸರೋವರದ ದಡದ ಹೋಟೆಲೊಂದರಲ್ಲಿ ಗುಂಡಿಟ್ಟು ಕೊಂದರು. 1966ರಲ್ಲಿ ರಾಜಪ್ರಭುತ್ವ ಹೋಗಿ ಮಿಕೊಂಬೆರೊ, ಆಮೇಲೆ ಬಗಾಜಾ, ಆಮೇಲೆ ಬುಯೋಯಾ. ಮೂವರೂ ಸೈನ್ಯದವರು, ಮೂವರೂ ಟುಟ್ಸಿ, ಮೂವರೂ ದಕ್ಷಿಣದ ಬುರೂರಿ ಕಡೆಯವರು. ಅಂದರೆ ಟುಟ್ಸಿಗಳೆಲ್ಲ ಆಳಿದರು ಅನ್ನುವುದೂ ತಪ್ಪು. ಒಂದು ಪ್ರದೇಶದ ಒಂದು ಸಣ್ಣ ಗುಂಪು ಆಳಿತು.

1972ರಲ್ಲಿ ದಕ್ಷಿಣದಲ್ಲಿ ಹುಟು ದಂಗೆ ಎದ್ದಿತು, ದಂಗೆಕೋರರು ಟುಟ್ಸಿಗಳನ್ನು ಕೊಂದರು. ಅದಕ್ಕೆ ಮಿಕೊಂಬೆರೊ ಸರ್ಕಾರದ ಸೇಡು ಭಯಂಕರ. ಓದಿದ ಹುಟುಗಳನ್ನು, ಅಂದರೆ ಶಿಕ್ಷಕರು, ಗುಮಾಸ್ತರು, ಪಾದ್ರಿಗಳು, ವಿದ್ಯಾರ್ಥಿಗಳನ್ನು ಪಟ್ಟಿ ಹಿಡಿದು ಕರೆದೊಯ್ದು ಕೊಂದರು. ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಅಂದಾಜುಗಳಿವೆ. ಇದನ್ನು ಆರ್ಥಿಕತೆಗೂ ಜೋಡಿಸಿ ನೋಡಿ ಲೆಕ್ಕದಪುಸ್ತಕ ಅವರೇ, ಒಂದು ದೇಶ ತನ್ನ ಓದಿದ ಒಂದು ಪೀಳಿಗೆಯನ್ನೇ ತಾನೇ ಅಳಿಸಿಹಾಕಿತು. ಆಮೇಲೆ ಎಷ್ಟೋ ವರ್ಷ ಹುಟು ತಂದೆತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸುವುದಕ್ಕೇ ಹೆದರುತ್ತಿದ್ದರು.

ಆ ದಿನಗಳಲ್ಲಿ ಚರ್ಚ್ ಗಟ್ಟಿಯಾಗಿ ಮಾತಾಡಲಿಲ್ಲ ಅನ್ನುವ ಆಪಾದನೆ ಇದೆ. ಆದರೆ 1976ರಲ್ಲಿ ಬಂದ ಬಗಾಜಾಗೆ ಅದೇ ಚರ್ಚ್ ಕಣ್ಣಿಗೆ ಬಿತ್ತು. ದೇಶದಲ್ಲಿ ಸರ್ಕಾರದ ಹಿಡಿತದಲ್ಲಿ ಇಲ್ಲದ ಏಕೈಕ ದೊಡ್ಡ ಸಂಸ್ಥೆ ಅದು, ಹಳ್ಳಿಹಳ್ಳಿಗೂ ತಲುಪುತ್ತದೆ, ಹುಟು ಮಕ್ಕಳಿಗೆ ಅಕ್ಷರ ಕಲಿಸುತ್ತದೆ. ಆತ ವಿದೇಶಿ ಮಿಷನರಿಗಳನ್ನು ಹೊರಗೆ ಹಾಕಿದ, ಚರ್ಚಿನ ಶಾಲೆಗಳನ್ನು ವಶಪಡಿಸಿಕೊಂಡ, ವಾರದ ದಿನಗಳಲ್ಲಿ ಪೂಜೆಯನ್ನೇ ನಿಷೇಧಿಸಿದ. 1987ರಲ್ಲಿ ಶೃಂಗಸಭೆಗೆಂದು ಕೆನಡಾಗೆ ಹೋಗಿದ್ದಾಗ ಬುಯೋಯಾ ಕುರ್ಚಿ ಎಳೆದುಕೊಂಡ. ಬಂದವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಚರ್ಚಿನ ಜೊತೆ ರಾಜಿ.

1993ರ ಜೂನ್‌ನಲ್ಲಿ ಮೊದಲ ಬಾರಿ ನಿಜವಾದ ಚುನಾವಣೆ ನಡೆದು ಮೆಲ್ಕಿಯೊರ್ ಎನ್ಡಾಡಾಯೆ ಅನ್ನುವ ಹುಟು ನಾಯಕ ಗೆದ್ದ. ಅಕ್ಟೋಬರ್ 21ಕ್ಕೆ ಸೈನಿಕರು ಕೊಂದುಬಿಟ್ಟರು. ಅಲ್ಲಿಂದ ಹನ್ನೆರಡು ವರ್ಷ ಯುದ್ಧ, ಸುಮಾರು ಮೂರು ಲಕ್ಷ ಸಾವು. 1996ರಲ್ಲಿ ಗಿಟೆಗಾದ ಆರ್ಚ್‌ಬಿಷಪ್ ಜೋಕಿಮ್ ರುಹುನಾ ಅವರನ್ನು ದಾರಿಯಲ್ಲಿ ಹೊಂಚು ಹಾಕಿ ಕೊಂದರು. 1997ರ ಏಪ್ರಿಲ್ 30ರಂದು ಬುಟಾ ಅನ್ನುವ ಕಡೆ ಕಿರಿಯ ಸೆಮಿನರಿಗೆ, ಅಂದರೆ ಮುಂದೆ ಪಾದ್ರಿಯಾಗಲು ಹುಡುಗರು ಓದುವ ಶಾಲೆಗೆ, ಬಂಡುಕೋರರು ನುಗ್ಗಿದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಅಂದರು. ಹುಡುಗರು ಬೇರೆಯಾಗಲು ಒಪ್ಪಲಿಲ್ಲ. 40 ಮಂದಿಯನ್ನು ಕೊಂದರು. ಧರ್ಮದ ಬಗ್ಗೆ ನನಗೆ ಎಷ್ಟೇ ಸಿಟ್ಟಿದ್ದರೂ ಆ ಹುಡುಗರ ಮುಂದೆ ಸುಮ್ಮನಾಗುತ್ತೇನೆ.

ಬುಜುಂಬುರಾದಲ್ಲಿ ಬುಯೆಂಜಿ ಅಂತ ಸ್ವಾಹಿಲಿ ಮಾತಾಡುವ ಮುಸ್ಲಿಮರ ಬಡಾವಣೆ ಇದೆ. ನಗರದ ಬೇರೆ ಬಡಾವಣೆಗಳು ಜನಾಂಗದ ಮೇಲೆ ಹರಿದು ಹಂಚಿಹೋದಾಗ ಅಲ್ಲಿ ಎರಡೂ ಕಡೆಯವರಿಗೆ ಆಸರೆ ಸಿಕ್ಕಿತು. ಇದೂ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ದಾರಿಹೋಕ:

ಇಬ್ಬರಿಗೂ ಧನ್ಯವಾದ, ನಿಧಾನವಾಗಿ ಮತ್ತೆ ಓದಬೇಕು. ಆದರೆ ಪ್ರಾರ್ಥನಾ ಸಭೆ ಮಾಡುವ ಅಧ್ಯಕ್ಷರ ವಿಷಯ ಬರಲೇ ಇಲ್ಲ. 2005ರಲ್ಲಿ ಅಧ್ಯಕ್ಷನಾದ ಎನ್ಕುರುಂಜಿಜಾ ನಿಜವಾದ ಭಕ್ತನಾ, ನಾಟಕವಾ?

ಸಂಜೆಮಲ್ಲಿಗೆ:

ನನ್ನ ಪ್ರಕಾರ ನಿಜವಾದ ಭಕ್ತ. ಅದೇ ಸಮಸ್ಯೆ ಆಗಿದ್ದು.

ಪಿಯೆರ್ ಎನ್ಕುರುಂಜಿಜಾ ಕ್ರೀಡಾ ಶಿಕ್ಷಣ ಓದಿದ ಮನುಷ್ಯ, ತಂದೆ 1972ರಲ್ಲಿ ಕೊಲೆಯಾದವರು. ಕಾಡಿಗೆ ಹೋಗಿ ಬಂಡುಕೋರನಾದ, ಗಾಯಗೊಂಡು ಬದುಕುಳಿದ, ದೇವರು ನನ್ನನ್ನು ಈ ಕೆಲಸಕ್ಕೇ ಉಳಿಸಿದ ಅಂತ ನಂಬಿದ. ಪೆಂಟೆಕೋಸ್ಟಲ್ ರೀತಿಯ "ಮತ್ತೆ ಹುಟ್ಟಿದ" ಕ್ರಿಶ್ಚಿಯನ್. ಹೆಂಡತಿ ಪಾಸ್ಟರ್. ಸ್ವಂತ ಫುಟ್‌ಬಾಲ್ ತಂಡದ ಹೆಸರು ಹಲ್ಲೆಲೂಯಾ ಎಫ್‌ಸಿ. ದೇಶ ಸುತ್ತುವಾಗ ತಂಡವೂ ಗಾಯಕವೃಂದವೂ ಜೊತೆಗೆ. ಮೊದಮೊದಲು ಜನರಿಗೆ ಇಷ್ಟ ಆದದ್ದೂ ನಿಜ. ಹಳ್ಳಿಗೆ ಬಂದು ಜನರ ಜೊತೆ ಕೆಲಸ ಮಾಡುತ್ತಿದ್ದ, ಪ್ರಾಥಮಿಕ ಶಾಲೆ ಶುಲ್ಕ ತೆಗೆದ, ಐದು ವರ್ಷದೊಳಗಿನ ಮಕ್ಕಳಿಗೂ ಹೆರಿಗೆಗೂ ಉಚಿತ ಚಿಕಿತ್ಸೆ ತಂದ.

ಎರಡು ಅವಧಿ ಮುಗಿಯಿತು. ಯುದ್ಧ ನಿಲ್ಲಿಸಲು 2000ದಲ್ಲಿ ಆದ ಅರುಷಾ ಶಾಂತಿ ಒಪ್ಪಂದದ ಪ್ರಕಾರ ಅಲ್ಲಿಗೆ ಮುಗಿಯಬೇಕು. 2015ರ ಏಪ್ರಿಲ್‌ನಲ್ಲಿ ಮೂರನೇ ಸಲ ನಿಲ್ಲುತ್ತೇನೆ ಅಂದ. ಮೊದಲ ಸಲ ಆರಿಸಿದ್ದು ಸಂಸತ್ತು, ಜನರಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ ಅನ್ನುವುದು ವಾದ. ದೇವರು ಕೊಟ್ಟ ಕುರ್ಚಿ ಅಂತ ನಂಬಿದವನಿಗೆ ಅವಧಿ ಮಿತಿ ಬರೀ ಕಾಗದ ಅಲ್ವಾ? ಕ್ಯಾಥೋಲಿಕ್ ಬಿಷಪ್‌ಗಳು ಬಹಿರಂಗವಾಗಿಯೇ ಇದು ತಪ್ಪು ಅಂದರು. ಚುನಾವಣಾ ಸಮಿತಿಗಳಲ್ಲಿ ಇದ್ದ ಪಾದ್ರಿಗಳನ್ನು ವಾಪಸ್ ಕರೆಸಿಕೊಂಡರು. ಸಂವಿಧಾನ ನ್ಯಾಯಾಲಯದ ಉಪಾಧ್ಯಕ್ಷರೇ ದೇಶ ಬಿಟ್ಟು ಓಡಿದರು. ಮೇ 13ಕ್ಕೆ ಅಧ್ಯಕ್ಷ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಸಭೆಯಲ್ಲಿದ್ದಾಗ ಸೈನ್ಯದ ಒಂದು ಗುಂಪು ದಂಗೆ ಎದ್ದು ಸೋತಿತು. ಮುಂದೆ ಬೀದಿಯಲ್ಲಿ ಕೊಲೆ, ಕಾಣೆಯಾಗುವುದು, ಸುಮಾರು ನಾಲ್ಕು ಲಕ್ಷ ಜನ ನಿರಾಶ್ರಿತರು, ಬಹುಪಾಲು ತಾಂಜಾನಿಯಾಗೆ.

ಅದಾದ ಮೇಲೆ ಧರ್ಮ ಮತ್ತು ಪೊಲೀಸು ಬೆರೆತುಹೋದವು. ಮದುವೆಯಾಗದೆ ಜೊತೆಗಿರುವವರು 2017ರ ಕೊನೆಯೊಳಗೆ ಮದುವೆ ಆಗಬೇಕು ಅಂತ ಆದೇಶ. 2018ರಲ್ಲಿ ಪಕ್ಷ ಆತನನ್ನು "ಶಾಶ್ವತ ಪರಮ ಮಾರ್ಗದರ್ಶಿ" ಅಂತ ಕರೆಯಿತು. 2020ರಲ್ಲಿ ಕೊರೊನಾ ಬಂದಾಗ ದೇವರು ನಮ್ಮನ್ನು ಕಾಯುತ್ತಾನೆ ಅಂದರು, ವಿಶ್ವ ಆರೋಗ್ಯ ಸಂಸ್ಥೆಯವರನ್ನು ಹೊರಗೆ ಕಳಿಸಿದರು, ದೊಡ್ಡ ದೊಡ್ಡ ಚುನಾವಣಾ ಸಭೆ ನಡೆಸಿದರು. ಜೂನ್ 8ಕ್ಕೆ ಎನ್ಕುರುಂಜಿಜಾ ತೀರಿಕೊಂಡ, ಹೃದಯಾಘಾತ ಅಂತ ಸರ್ಕಾರ ಹೇಳಿತು. ಉತ್ತರಾಧಿಕಾರಿ ಎವಾರಿಸ್ಟ್ ಎನ್ಡಾಯಿಶಿಮಿಯೆ ಬಂದ ಕೂಡಲೇ ಕೊರೊನಾ ದೇಶದ ದೊಡ್ಡ ಶತ್ರು ಅಂದ.

ಸರ್ಕಾರಕ್ಕೆ ಇಷ್ಟ ಇಲ್ಲದ ಭಕ್ತಿಗೆ ಏನಾಗುತ್ತದೆ ಅನ್ನುವುದನ್ನೂ ನೋಡಿ. ಉತ್ತರದ ಕಯಾಂಜಾ ಕಡೆ ಬುಸಿನಿಜಾ ಬೆಟ್ಟದಲ್ಲಿ ಮೇರಿಮಾತೆ ದರ್ಶನ ಕೊಡುತ್ತಾಳೆ ಅಂತ ಜನ ಸೇರುತ್ತಿದ್ದರು, ಕ್ಯಾಥೋಲಿಕ್ ಚರ್ಚೂ ಅದನ್ನು ಒಪ್ಪಿರಲಿಲ್ಲ. 2013ರ ಮಾರ್ಚ್‌ನಲ್ಲಿ ಪೊಲೀಸರು ಆ ಯಾತ್ರಿಕರ ಮೇಲೆ ಗುಂಡು ಹಾರಿಸಿದರು, ಹಲವರು ಸತ್ತರು. ಅದೂ ದಿನಗಟ್ಟಲೆ ಪ್ರಾರ್ಥಿಸುವ ಅಧ್ಯಕ್ಷನ ಕಾಲದಲ್ಲೇ.

ಹಳೇಚಪ್ಪಲಿ:

ನಾನು ಕೆಲಸದ ಮೇಲೆ ಬುಜುಂಬುರಾದಲ್ಲಿ ಕೆಲವು ವರ್ಷ ಇದ್ದವನು, ಹಾಗಾಗಿ ಸ್ವಲ್ಪ ತಕರಾರು ಇದೆ. ನೀವಿಬ್ಬರೂ ಹೇಳಿದ್ದು ಸರಿ, ಆದರೆ ಓದಿದರೆ ಇಡೀ ದೇಶ ನಾಲ್ಕು ಜನ ನಾಯಕರ ತಲೆಯೊಳಗೆ ಇದ್ದ ಹಾಗೆ ಕಾಣುತ್ತದೆ.

ಮೊದಲು ನೆಲ ನೋಡಿ. 27,834 ಚದರ ಕಿಲೋಮೀಟರ್, ಸುಮಾರು 1.3 ಕೋಟಿ ಜನ, ಹತ್ತರಲ್ಲಿ ಎಂಟು ಜನಕ್ಕಿಂತ ಜಾಸ್ತಿ ಬೇಸಾಯದ ಮೇಲೆ. ಅಪ್ಪನ ಅರ್ಧ ಹೆಕ್ಟೇರ್ ನಾಲ್ಕು ಮಕ್ಕಳಿಗೆ ಹಂಚಿದರೆ ಏನು ಉಳಿಯುತ್ತದೆ? ಅದಕ್ಕೆ ಸೇರಿಸಿ, 1972ರಲ್ಲಿ ಓಡಿಹೋದವರು ಮೂವತ್ತು ವರ್ಷದ ಮೇಲೆ ತಾಂಜಾನಿಯಾದಿಂದ ವಾಪಸ್ ಬಂದು ನಮ್ಮ ಜಮೀನು ಕೊಡಿ ಅಂದರು. ಅಲ್ಲಿ ಇನ್ನೊಂದು ಕುಟುಂಬ ಎರಡು ತಲೆಮಾರು ಉಳುಮೆ ಮಾಡಿದೆ. ಯಾರದು ತಪ್ಪು ಹೇಳಿ? ಕೋರ್ಟುಗಳಲ್ಲಿ ತುಂಬಿರುವುದು ಬಹುಪಾಲು ಜಮೀನು ತಗಾದೆಗಳೇ. ನಾಳೆ ಎಲ್ಲ ಮಂತ್ರಿಗಳೂ ಸಂತರಾದರೂ ಈ ಲೆಕ್ಕ ಬದಲಾಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಇದು ಒಂದೆರಡು ವರ್ಷದ ಡಾಲರ್ ಸಮಸ್ಯೆ ಅಲ್ಲ.

ಆಮೇಲೆ ಸಮುದ್ರ ಇಲ್ಲ. ಎಲ್ಲ ಸಾಮಾನೂ ದಾರ್ ಎಸ್ ಸಲಾಮ್‌ನಿಂದ ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ಲಾರಿಯಲ್ಲಿ ಬರಬೇಕು. ವಿದ್ಯುತ್ ಇರುವುದು ಹತ್ತು ಮನೆಯಲ್ಲಿ ಒಂದಕ್ಕೆ.

ಚರ್ಚಿನ ಬಗ್ಗೆ. ಬಿಷಪ್‌ಗಳ ಪತ್ರಗಳನ್ನು ಎಲ್ಲರೂ ನೋಡುತ್ತಾರೆ. ಹಳ್ಳಿಯಲ್ಲಿ ಚರ್ಚ್ ಅಂದರೆ ಶಾಲೆ, ಆಸ್ಪತ್ರೆ, ಹೆರಿಗೆ ಕೋಣೆ, ಸತ್ತಾಗ ಶವಪೆಟ್ಟಿಗೆಗೆ ದುಡ್ಡು ಕೂಡಿಸುವ ಗುಂಪು. ಸರ್ಕಾರ ಇಲ್ಲದ ಕಡೆ ಅದೇ ಸರ್ಕಾರ. ಜನ ಅಷ್ಟೊಂದು ಪ್ರಾರ್ಥನೆ ಮಾಡುವುದನ್ನು ನಾಯಕರು ಕಲಿಸಿದ ಮೂಢನಂಬಿಕೆ ಅಂತ ನೋಡಬೇಡಿ. ಹೆಣ್ಣುಮಗಳೊಬ್ಬಳಿಗೆ ಜ್ವರ ಬಂದ ಮಗುವನ್ನು ಎತ್ತಿಕೊಂಡು ಹೋಗಲು ಪೆಟ್ರೋಲ್ ಇರುವ ಗಾಡಿ ಇಲ್ಲ ಅಂದರೆ ಅವಳು ಇನ್ನೇನು ಮಾಡಬೇಕು?

ನಾಯಕರ ಭಕ್ತಿಯ ಬಗ್ಗೆ ನನ್ನದು ಸಂಜೆಮಲ್ಲಿಗೆ ಅವರಿಗಿಂತ ಕಹಿ ಅಭಿಪ್ರಾಯ. ಅವರು ಪ್ರಾರ್ಥನೆ ಮಾಡಿದ್ದು ನಿಜ ಇರಬಹುದು. ಆದರೆ 2020ರ ಜನವರಿಯಲ್ಲಿ ನಿವೃತ್ತ ಅಧ್ಯಕ್ಷನಿಗೆ ಬಂಗಲೆ ಮತ್ತು ಐದು ಲಕ್ಷ ಡಾಲರ್‌ಗೂ ಜಾಸ್ತಿ ಹಣ ಕೊಡುವ ಕಾನೂನನ್ನು ಸಂಸತ್ತು ಮಾಡಿತಲ್ಲ, ಅದಕ್ಕೆ ಬೈಬಲ್‌ನ ಯಾವ ವಚನ ಆಧಾರ?

ಲೆಕ್ಕದಪುಸ್ತಕ:

ಹಳೇಚಪ್ಪಲಿ ಅವರೇ, ಜಮೀನಿನ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ "ಸಮುದ್ರ ಇಲ್ಲ, ಜಾಗ ಇಲ್ಲ" ಅನ್ನುವುದನ್ನು ನಾನು ಅಷ್ಟು ಸುಲಭವಾಗಿ ನುಂಗಲ್ಲ. ರುವಾಂಡಾಗೂ ಸಮುದ್ರ ಇಲ್ಲ, ಅಲ್ಲೂ ಬೆಟ್ಟ, ಅಲ್ಲೂ ಇಕ್ಕಟ್ಟು, 1994ರಲ್ಲಿ ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಅಲ್ಲಿಯ ರಾಜಕೀಯ ನನಗೆ ಇಷ್ಟ ಅಂತಲ್ಲ, ಅಲ್ಲಿ ಬಾಯಿ ಬಿಡುವುದು ಇನ್ನೂ ಕಷ್ಟ. ಆದರೆ ಪೆಟ್ರೋಲ್ ಸಿಗುತ್ತದೆ.

2015ರ ಮೇಲೆ ಏನಾಯಿತು ನೋಡಿ. ಬಜೆಟ್‌ನ ದೊಡ್ಡ ಪಾಲು ಹೊರಗಿನ ನೆರವಿನಿಂದ ನಡೆಯುತ್ತಿತ್ತು. 2016ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಸರ್ಕಾರಕ್ಕೆ ನೇರ ನೆರವು ನಿಲ್ಲಿಸಿತು, ಮತ್ತೆ ಬಿಟ್ಟಿದ್ದು 2022ರಲ್ಲಿ. ಆ ಆರು ವರ್ಷ ಕೇಂದ್ರ ಬ್ಯಾಂಕ್ ಡಾಲರ್ ಸಂಗ್ರಹ ಖಾಲಿ ಆಯಿತು. ಒಬ್ಬ ಮನುಷ್ಯನ ಮೂರನೇ ಅವಧಿಗೆ ದೇಶ ಕೊಟ್ಟ ಬೆಲೆ ಇದು.

ಹಳೇಚಪ್ಪಲಿ:

ಅದರಲ್ಲಿ ಅರ್ಧ ಒಪ್ಪುತ್ತೇನೆ. ನೆರವು ನಿಂತಾಗ ಮಂತ್ರಿಗಳ ಕಾರು ನಿಲ್ಲಲಿಲ್ಲ, ಆಸ್ಪತ್ರೆಯ ಔಷಧಿ ನಿಂತಿತು. ಬೆಲೆ ಕೊಟ್ಟವರು ಬೇರೆ, ತಪ್ಪು ಮಾಡಿದವರು ಬೇರೆ. ಯುರೋಪಿನವರಿಗೂ ಅದು ಗೊತ್ತಿತ್ತು.

ನಕ್ಷೆಗಾರ:

ತಡವಾಗಿ ಬರ್ತಿದ್ದೀನಿ. ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ: ಈಗ ಅಧಿಕಾರ ಯಾರ ಕೈಯಲ್ಲಿದೆ?

ಅರುಷಾ ಒಪ್ಪಂದವನ್ನು ತಾಂಜಾನಿಯಾದ ಮಾಜಿ ಅಧ್ಯಕ್ಷ ನೈರೇರೆ ಶುರು ಮಾಡಿಸಿದರು, ಅವರು ತೀರಿಹೋದ ಮೇಲೆ ಮಂಡೇಲಾ ಮುಗಿಸಿದರು. ಅದರಿಂದ ಬಂದ ಸಂವಿಧಾನದಲ್ಲಿ ರಾಷ್ಟ್ರೀಯ ಸಭೆಯಲ್ಲಿ 60 ಹುಟು, 40 ಟುಟ್ಸಿ ಅಂತ ಶೇಕಡಾವಾರು ಹಂಚಿಕೆ, ಸೈನ್ಯದಲ್ಲಿ ಅರ್ಧ ಅರ್ಧ. ಇದು ನಿಜವಾಗಿಯೂ ಕೆಲಸ ಮಾಡಿತು. 2015ರಲ್ಲಿ ಬೀದಿಗಿಳಿದವರಲ್ಲೂ, ಸೈನ್ಯದ ದಂಗೆಯಲ್ಲೂ ಹುಟು-ಟುಟ್ಸಿ ಇಬ್ಬರೂ ಇದ್ದರು. ದಂಗೆ ಮಾಡಿದ ಜನರಲ್ ನಿಯೊಂಬಾರೆ ಹುಟು, ಎನ್ಕುರುಂಜಿಜಾನ ಜೊತೆಗೇ ಕಾಡಿನಲ್ಲಿ ಹೋರಾಡಿದವನು. ಹಾಗಾಗಿ ಇವತ್ತಿನ ಜಗಳ ಜನಾಂಗದ್ದು ಅನ್ನುವುದಕ್ಕಿಂತ ಆಳುವ ಪಕ್ಷದ ಒಳಗಿನದು, ಕಾಡಿನಿಂದ ಬಂದ ಜನರಲ್‌ಗಳ ನಡುವಿನದು.

ಉದಾಹರಣೆ ಬೇಕಾ? ಅಲೈನ್-ಗಿಯೋಮ್ ಬುನ್ಯೋನಿ. ಪೊಲೀಸ್ ಮುಖ್ಯಸ್ಥ, ಭದ್ರತಾ ಮಂತ್ರಿ, ಪ್ರಧಾನಿ ಎಲ್ಲ ಆದವನು. 2022ರ ಸೆಪ್ಟೆಂಬರ್‌ನಲ್ಲಿ ಕೆಲಸದಿಂದ ತೆಗೆದರು, 2023ರ ಏಪ್ರಿಲ್‌ನಲ್ಲಿ ಹಿಡಿದರು, ಡಿಸೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ. ಅಧ್ಯಕ್ಷನ ವಿರುದ್ಧ ಸಂಚು ಅನ್ನುವುದು ಮುಖ್ಯ ಆಪಾದನೆ. ವಿರೋಧ ಪಕ್ಷದ ದೊಡ್ಡ ನಾಯಕ ಅಗಥೋನ್ ರ್ವಾಸಾನನ್ನು 2024ರಲ್ಲಿ ಅವನ ಪಕ್ಷದಿಂದಲೇ ಹೊರಗೆ ಹಾಕಿಸಿದರು. 2025ರ ಜೂನ್ ಚುನಾವಣೆಯಲ್ಲಿ ಆಳುವ ಪಕ್ಷ ಸಿಎನ್‌ಡಿಡಿ-ಎಫ್‌ಡಿಡಿಗೆ ಶೇಕಡಾ 96ಕ್ಕೂ ಜಾಸ್ತಿ ಮತ, ನೂರಕ್ಕೆ ನೂರು ಸ್ಥಾನ. ಪೆಟ್ರೋಲ್ ಕ್ಯೂನಲ್ಲಿ ರಾತ್ರಿ ಮಲಗಿದ ಜನ ಇಷ್ಟೊಂದು ಖುಷಿಯಿಂದ ಮತ ಹಾಕಿದರು ಅಂತ ನಂಬುವವರು ನಂಬಲಿ. ಹಳ್ಳಿಯಲ್ಲಿ ಪಕ್ಷದ ಯುವಪಡೆ ಇಂಬೊನೆರಕುರೆ ಮನೆಮನೆ ಲೆಕ್ಕ ಇಟ್ಟಿರುತ್ತದೆ ಅನ್ನುವುದನ್ನೂ ನೆನಪಿಡಿ.

ಎನ್ಡಾಯಿಶಿಮಿಯೆ ಕ್ಯಾಥೋಲಿಕ್. ಬಂದಾಗ ಬಿಷಪ್‌ಗಳಿಗೂ ಸಮಾಧಾನ ಆಯಿತು, ಸ್ವರ ತಗ್ಗಿತು. ಆದರೆ ವೇದಿಕೆಯ ಮೇಲಿನ ಪ್ರಾರ್ಥನೆ ನಿಂತಿಲ್ಲ, ಮಾತಿನ ಕಾಠಿಣ್ಯವೂ ಕಡಿಮೆಯಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಸಲಿಂಗಿಗಳನ್ನು ಕ್ರೀಡಾಂಗಣದಲ್ಲಿ ನಿಲ್ಲಿಸಿ ಕಲ್ಲು ಹೊಡೆಯಬೇಕು ಅಂದದ್ದು ಇದೇ ಅಧ್ಯಕ್ಷ. ಬೆಲೆ ಏರಿಕೆ ಬಗ್ಗೆ ಸಿಟ್ಟಾದ ಜನರ ಮುಂದೆ ಇಂಥ ಮಾತು ಆಡುವುದು ಎಷ್ಟು ಅನುಕೂಲ ನೋಡಿ.

ಜೊತೆಗೆ ಕಾಂಗೋ. ಬುರುಂಡಿಯ ಸೈನ್ಯ ಕಾಂಗೋ ಸರ್ಕಾರದ ಪರವಾಗಿ ಎಂ23 ಬಂಡುಕೋರರ ವಿರುದ್ಧ ನಿಂತಿತು, ಎಂ23 ಹಿಂದೆ ರುವಾಂಡಾ ಇದೆ. 2024ರ ಜನವರಿಯಿಂದ ರುವಾಂಡಾ ಗಡಿ ಬಂದ್. 2025ರ ಆರಂಭದಲ್ಲಿ ಕಾಂಗೋದ ಗೋಮಾ, ಬುಕಾವು ನಗರಗಳು ಎಂ23 ಕೈಗೆ ಬಿದ್ದಾಗ 70 ಸಾವಿರದಷ್ಟು ಕಾಂಗೋ ಜನ ರುಸಿಜಿ ನದಿ ಈಜಿಕೊಂಡು, ತೆಪ್ಪದಲ್ಲಿ ದಾಟಿ ಬುರುಂಡಿಗೆ ಬಂದರು. ಸ್ವಂತ ಜನಕ್ಕೇ ಊಟ ಸಾಲದ ದೇಶಕ್ಕೆ. ರುಗೊಂಬೊದ ಕ್ರೀಡಾಂಗಣದಲ್ಲಿ ಮಳೆಯಲ್ಲೇ ಮಲಗಿದರು.

ದಾರಿಹೋಕ:

ಹಾಗಾದರೆ ಮುಂದೆ ಏನನ್ನು ಗಮನಿಸಬೇಕು?

ಲೆಕ್ಕದಪುಸ್ತಕ:

ನಾನಾದರೆ ಎರಡು ದರಗಳ ಅಂತರ ನೋಡುತ್ತಾ ಇರ್ತೀನಿ. ಅದು ಕಡಿಮೆಯಾದರೆ ಮೇಲಿನ ಯಾರಿಗೋ ನಷ್ಟ ಆಗಿದೆ, ಅಂದರೆ ನಿಜವಾಗಿ ಏನೋ ಬದಲಾಗಿದೆ ಅಂತ ಅರ್ಥ. ಭಾಷಣ ಎಷ್ಟು ಬೇಕಾದರೂ ಬರುತ್ತದೆ.

ನಕ್ಷೆಗಾರ:

2027. 2018ರ ತಿದ್ದುಪಡಿಯಿಂದ ಅಧ್ಯಕ್ಷರ ಅವಧಿ ಏಳು ವರ್ಷ, ಮುಂದಿನ ಅಧ್ಯಕ್ಷ ಚುನಾವಣೆ ಆಗ. ಜನರಲ್‌ಗಳು ಒಗ್ಗಟ್ಟಾಗಿ ಇದೇ ಅಧ್ಯಕ್ಷನನ್ನು ಮತ್ತೆ ನಿಲ್ಲಿಸುತ್ತಾರಾ ಅನ್ನುವುದು ವಿರೋಧ ಪಕ್ಷಕ್ಕಿಂತ ಮುಖ್ಯ.

ಹಳೇಚಪ್ಪಲಿ:

ಕಾಫಿ ಕೊಯ್ಲಿನ ಸಮಯದಲ್ಲಿ ರೈತನಿಗೆ ಕಿಲೋಗೆ ಎಷ್ಟು ಕೊಟ್ಟರು, ಯಾವಾಗ ಕೊಟ್ಟರು ಅಂತ ನೋಡಿ. ಮಾರ್ಚ್‌ನಿಂದ ಜೂನ್‌ವರೆಗೆ ಹಣ್ಣು ಬರುತ್ತದೆ. ಬುಜುಂಬುರಾದ ಪತ್ರಿಕೆಗಳಲ್ಲಿ ಇದು ಒಳಪುಟದ ಸುದ್ದಿ, ಆದರೆ ನಾನು ಅಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದವರೆಲ್ಲ ಮೊದಲು ಓದುತ್ತಿದ್ದದ್ದು ಅದನ್ನೇ. ಯಾಕಂದರೆ ಊರಲ್ಲಿ ಅಮ್ಮನಿಗೆ ಆ ವರ್ಷ ಎಷ್ಟು ದುಡ್ಡು ಕಳಿಸಬೇಕು ಅನ್ನುವುದು ಅದರ ಮೇಲೆ ನಿಂತಿರುತ್ತಿತ್ತು.